ಬೋಳುತಲೆಯ ಬದ್ಧವೈರಿ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ವ್ಯಾಪಾರ ಇಂದು ನಿನ್ನೆಯದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ, ಎಂದರೆ 1970ರ ಸುಮಾರಿನಲ್ಲಿ, ಅಲ್ಲಿಯ ಫುಟ್‌ಪಾತಿನ ಮೇಲೆ ಗೋಣಿತಾಟು ಹಾಸಿ, ಗಣಿತದ ಗೈಡುಗಳ ಪಕ್ಕದಲ್ಲೇ ಅಮೆರಿಕದ ಕಾಮಿಕ್ಸ್ ಪುಸ್ತಕಗಳನ್ನೂ ಹರಡಿಕೊಂಡು ಕೂತಿರುತ್ತಿದ್ದರು. ಹೊಸ ಪುಸ್ತಕ ಕೊಳ್ಳುವ ಶಕ್ತಿ ನಮಗಿರಲಿಲ್ಲ. ನಾನೂ ನನ್ನ ಸಹಪಾಠಿಯೊಬ್ಬನೂ ತಲಾ ನಾಲ್ಕಾಣೆ ಹಾಕಿ, ಎಂಟಾಣೆಗೆ ಒಂದು ಸೂಪರ್‌ಮ್ಯಾನ್ ಪುಸ್ತಕ ಕೊಂಡೆವು. ಮೇಲುಹೊದಿಕೆ ಹರಿದುಹೋಗಿತ್ತು. ಮನೆಯ ಜಗಲಿಯ ಮೇಲೆ ಕೂತು ಓದತೊಡಗಿದ ಮೇಲೆ ತಿಳಿಯಿತು, ಮೊದಲನೆಯ ಕಥೆಯ ಕಡೆಯ ಹಾಳೆಗಳೂ ಇರಲಿಲ್ಲವೆಂದು.

ಕಥೆ ಹೀಗಿತ್ತು. ಲೆಕ್ಸ್ ಲೂಥರ್ ಎಂಬ ಬೋಳುತಲೆಯ ವಿಜ್ಞಾನಿ ಸೆರೆಮನೆಯಿಂದ ತಪ್ಪಿಸಿಕೊಂಡು ಸೂಪರ್‌ಮ್ಯಾನನಿಗೆ ಪಂಥ ಹಾಕುತ್ತಾನೆ: ‘ನಿನ್ನ ಅತಿಮಾನುಷ ಬಲವನ್ನು ಬದಿಗಿಟ್ಟು ಬರಿಗೈಯಲ್ಲಿ ಕಾದಾಡು, ನೋಡೋಣ.’ ಸೂಪರ್‌ಮ್ಯಾನನ ಬಲವೆಲ್ಲ ನಮ್ಮ ಹಳದಿ ಸೂರ್ಯನ ಕೆಳಗೆ ಮಾತ್ರ. ಕೆಂಪು ಸೂರ್ಯನ ಕೆಳಗೆ ಅವನೂ ನಮ್ಮ ನಿಮ್ಮಂಥ ಮನುಷ್ಯ. ಆದ್ದರಿಂದ ಇಬ್ಬರೂ ಕೆಂಪು ಸೂರ್ಯನನ್ನು ಸುತ್ತುವ ಒಂದು ಗ್ರಹಕ್ಕೆ ಹೋಗಿ ಕಾದಾಡುತ್ತಾರೆ. ನಡುವೆ ಮರಳಿನ ಬಿರುಗಾಳಿ ಎದ್ದು ಇಬ್ಬರನ್ನೂ ಬೇರೆ ಮಾಡುತ್ತದೆ. ಲೂಥರನು ಒಂದು ಪಾಳುಬಿದ್ದ ಪಟ್ಟಣಕ್ಕೆ ಬರುತ್ತಾನೆ. ಅಲ್ಲಿನ ಜನ ತಮ್ಮ ಪೂರ್ವಿಕರ ವಿಜ್ಞಾನವನ್ನು ಮರೆತಿದ್ದಾರೆ, ಯಂತ್ರಗಳು ತುಕ್ಕು ಹಿಡಿದು ನಿಂತಿವೆ, ನೀರಿಲ್ಲ. ಲೂಥರನು ಆ ಯಂತ್ರಗಳನ್ನು ದುರಸ್ತಿ ಮಾಡಿ ನೀರಿಗಾಗಿ ಅಗೆಸುತ್ತಾನೆ. ಜನ ಅವನನ್ನು ತಲೆಯ ಮೇಲೆ ಹೊರುತ್ತಾರೆ. ಅವನ ವೈರಿಯಾದ ಸೂಪರ್‌ಮ್ಯಾನನನ್ನು ದುಷ್ಟನೆಂದು ತಿಳಿಯುತ್ತಾರೆ. ಕಡೆಗೆ ಇಬ್ಬರೂ ಮತ್ತೆ ಕಣಕ್ಕಿಳಿಯುತ್ತಾರೆ. ಅಲ್ಲಿಗೆ ನಮ್ಮ ಪುಸ್ತಕ ನಿಂತುಹೋಗಿತ್ತು.

‘ಸೂಪರ್‌ಮ್ಯಾನೇ ಗೆದ್ದಿರುತ್ತಾನೆ’ ಎಂದೆ ನಾನು. ‘ಇಲ್ಲ ಕಣೋ, ಲೂಥರ್ ಗೆಲ್ಲಬೇಕು. ಅವನು ಸೋತರೆ ಆ ಊರಿನವರಿಗೆ ನೀರು ಕೊಡೋರು ಯಾರು?’ ಎಂದ ನನ್ನ ಗೆಳೆಯ. ಮಾತಿಗೆ ಮಾತು ಬೆಳೆಯಿತು. ಗೆದ್ದವನಿಗೆ ಪುಸ್ತಕವೆಂದು ಪಂಥ ಕಟ್ಟಿ, ನಮ್ಮಣ್ಣನನ್ನು ಕೇಳಿದೆವು. ಅವನು ಪುಸ್ತಕದ ಕಡೆ ನೋಡದೆಯೇ, ‘ಇಂಥ ಪುಸ್ತಕಗಳಲ್ಲಿ ಯಾವಾಗಲೂ ಒಳ್ಳೆಯವನೇ ಗೆಲ್ಲೋದು’ ಎಂದು ತೀರ್ಪು ಕೊಟ್ಟ. ಪುಸ್ತಕ ನನ್ನದಾಯಿತು. ಗೆಳೆಯ ಆ ವರ್ಷವೆಲ್ಲ ನನ್ನೊಡನೆ ಮಾತಾಡಲಿಲ್ಲ.

ಇದನ್ನೇಕೆ ಹೇಳುತ್ತಿದ್ದೇನೆಂದರೆ, ಆ ಪುಸ್ತಕದಲ್ಲಿ ಹಾರುವ ಮನುಷ್ಯನ ಚಿತ್ರ ನನ್ನ ನೆನಪಿನಿಂದ ಮಾಸಿದೆ, ಬೋಳುತಲೆಯವನದು ಮಾಸಿಲ್ಲ. ನಾಯಕನಿಗಿಂತ ಪ್ರತಿನಾಯಕನೇ ಮನಸ್ಸಿನಲ್ಲಿ ಉಳಿಯುವುದು ನಮಗೆ ಹೊಸದೇನೂ ಅಲ್ಲ. ದುರ್ಯೋಧನನ ವೇಷ ಕಳೆಗಟ್ಟದಿದ್ದರೆ ಬಯಲಾಟದ ರಾತ್ರಿಯೇ ಸಪ್ಪೆ. ಆದರೆ ಹತ್ತು ಸೆಂಟಿನ ಅಗ್ಗದ ಕಾಗದದ ಮೇಲೆ, ಮಕ್ಕಳ ಜೇಬಿನ ಪುಡಿಗಾಸನ್ನು ನಂಬಿ ಹುಟ್ಟಿದ ಅಮೆರಿಕದ ಈ ಪುಸ್ತಕಗಳಲ್ಲಿ ಅಂಥ ಪ್ರತಿನಾಯಕ ಹೇಗೆ ಹುಟ್ಟಿದ? ಒಬ್ಬ ಸಾಮಾನ್ಯ ದುಷ್ಟನಿಗೂ ಬದ್ಧವೈರಿಗೂ ಇರುವ ಅಂತರವೇನು? ಬಲವೇ ಎಂದು ಬಹಳ ಜನ ತಿಳಿಯುತ್ತಾರೆ. ಲೂಥರನ ಚರಿತ್ರೆಯನ್ನು ನೋಡಿದರೆ ಉತ್ತರ ಬೇರೆಯೇ ಎಂದು ನನಗೆ ತೋರುತ್ತದೆ.

ಚರಿತ್ರೆ ಓಹಾಯೊ ರಾಜ್ಯದ ಕ್ಲೀವ್‌ಲೆಂಡ್ ನಗರದಿಂದ ಆರಂಭವಾಗುತ್ತದೆ. ಜೆರಿ ಸೀಗೆಲ್, ಜೋ ಷುಸ್ಟರ್ ಎಂಬ ಇಬ್ಬರು ಹುಡುಗರು ಅಲ್ಲಿನ ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ಓದುತ್ತಿದ್ದರು. ಒಬ್ಬ ಬರೆಯುವವನು, ಒಬ್ಬ ಚಿತ್ರ ಬಿಡಿಸುವವನು. ಇಬ್ಬರೂ ಯೂರೋಪಿನಿಂದ ವಲಸೆ ಬಂದ ಬಡ ಯಹೂದಿ ಮನೆತನಗಳವರು. ಸೀಗೆಲ್ಲನ ತಂದೆಗೆ ಬಟ್ಟೆಯ ಅಂಗಡಿಯಿತ್ತು. 1932ರ ಜೂನ್ ತಿಂಗಳಲ್ಲಿ ಒಂದು ರಾತ್ರಿ ಕಳ್ಳರು ಅಂಗಡಿಗೆ ನುಗ್ಗಿದ ಹೊತ್ತಿನಲ್ಲಿ ಆತ ಹೃದಯಾಘಾತದಿಂದ ತೀರಿಕೊಂಡ. ಅದು ಮಹಾಮುಗ್ಗಟ್ಟಿನ ಕಾಲ. 1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಬ್ರೆಡ್ಡಿನ ತುಂಡಿಗಾಗಿ ಜನ ಬೀದಿಯಲ್ಲಿ ಸಾಲು ನಿಲ್ಲುತ್ತಿದ್ದರು.

ಆ 1933ರ ಜನವರಿಯಲ್ಲಿ, ತಾವೇ ಅಚ್ಚುಹಾಕಿ ಹಂಚುತ್ತಿದ್ದ ಒಂದು ಸಣ್ಣ ಪತ್ರಿಕೆಯಲ್ಲಿ ಸೀಗೆಲ್ಲನು ಒಂದು ಕಥೆ ಬರೆದ. ಷುಸ್ಟರನು ಚಿತ್ರ ಬಿಡಿಸಿದ. ಕಥೆಯ ಹೆಸರು ‘ಸೂಪರ್‌ಮ್ಯಾನನ ಆಳ್ವಿಕೆ’ ಎಂಬರ್ಥದ್ದು. ವಾಚಕರು ಇಲ್ಲೊಂದು ಕ್ಷಣ ನಿಲ್ಲಬೇಕು. ಆ ಸೂಪರ್‌ಮ್ಯಾನ್ ಹಾರುವವನಲ್ಲ, ಕಾಯುವವನೂ ಅಲ್ಲ. ಅವನು ಖಳ, ಚಿತ್ರದಲ್ಲಿ ಅವನ ತಲೆ ಬೋಳು. ಒಬ್ಬ ವಿಜ್ಞಾನಿ ಬ್ರೆಡ್ಡಿನ ಸಾಲಿನಲ್ಲಿ ನಿಂತ ಒಬ್ಬ ನಿರ್ಗತಿಕನನ್ನು ಊಟದ ಆಸೆ ತೋರಿಸಿ ಕರೆದೊಯ್ದು ತನ್ನ ಔಷಧಿಯನ್ನು ಅವನ ಮೇಲೆ ಪ್ರಯೋಗಿಸುತ್ತಾನೆ. ಬಡವನಿಗೆ ಪರರ ಮನಸ್ಸನ್ನು ಓದುವ, ಆಳುವ ಶಕ್ತಿ ಬರುತ್ತದೆ. ಅವನು ಆ ವಿಜ್ಞಾನಿಯನ್ನೇ ಕೊಂದು ಲೋಕವನ್ನೆಲ್ಲ ಆಳಹೊರಡುತ್ತಾನೆ. ಆದರೆ ಔಷಧಿಯ ಪ್ರಭಾವ ಇಳಿದುಹೋಗುತ್ತದೆ. ಮತ್ತೆ ಅವನಿಗೆ ಅದೇ ಬ್ರೆಡ್ಡಿನ ಸಾಲೇ ಗತಿ.

ಹದಿನೆಂಟರ ಹುಡುಗನ ಕಥೆ, ಕಚ್ಚಾ ಇದೆ. ಆದರೂ ಇದರಲ್ಲಿ ಒಂದು ಸತ್ಯವಿದೆ. ನಾಯಕ ಮೊದಲು ಹುಟ್ಟಿ, ಆಮೇಲೆ ಅವನಿಗೆ ತಕ್ಕ ವೈರಿಯನ್ನು ಹುಡುಕಿದರೆಂದು ನಾವು ಭಾವಿಸುತ್ತೇವೆ. ಇಲ್ಲಿ ವೈರಿಯೇ ಮೊದಲು ಹುಟ್ಟಿದ. ಆ ಹುಡುಗರು ಅವನನ್ನು ಕೆಲವು ಕಾಲ ತಿರುತಿರುಗಿಸಿ ನೋಡಿ, ಇಂಥ ಬಲ ಒಳ್ಳೆಯವನ ಕೈಯಲ್ಲಿದ್ದರೆ ಹೇಗೆ ಎಂದು ಯೋಚಿಸಿದರು. ಐದು ವರ್ಷ ಅಲೆದ ಮೇಲೆ, 1938ರ ಜೂನ್ ತಿಂಗಳ ‘ಆಕ್ಷನ್ ಕಾಮಿಕ್ಸ್’ ಪತ್ರಿಕೆಯ ಮೊದಲನೆಯ ಸಂಚಿಕೆಯಲ್ಲಿ ಇಂದು ಲೋಕಕ್ಕೆಲ್ಲ ಗೊತ್ತಿರುವ ಸೂಪರ್‌ಮ್ಯಾನ್ ಕಾಣಿಸಿಕೊಂಡ. ಆ ಮೊದಲ ಕಥೆಯೊಡನೆ ಸೂಪರ್‌ಮ್ಯಾನನ ಮೇಲಿನ ಎಲ್ಲ ಹಕ್ಕುಗಳನ್ನೂ ಇಬ್ಬರೂ ಬರೆದುಕೊಟ್ಟರು. ಅದಕ್ಕೆ ಸಿಕ್ಕ ಪ್ರತಿಫಲ 130 ಡಾಲರು. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಮೊದಮೊದಲು ಸೂಪರ್‌ಮ್ಯಾನನಿಗೆ ಎದುರಾದವರು ಲಂಚಕೋರ ರಾಜಕಾರಣಿಗಳು, ಹೆಂಡತಿಯನ್ನು ಹೊಡೆಯುವ ಗಂಡ, ಕೂಲಿಗಳ ಪ್ರಾಣವನ್ನು ಲೆಕ್ಕಿಸದ ಗಣಿಯ ಮಾಲೀಕ, ಇಂಥವರು. ಕೋಪ ಬರಿಸಲು ಇವರು ಸಾಕು. ಕಥೆಯನ್ನು ನಡೆಸಲು ಸಾಲರು. ಗುಂಡು ತಾಗದ ಮೈಯವನ ಎದುರು ಬಂದೂಕು ಹಿಡಿದವನು ಎಷ್ಟು ಹೊತ್ತು ನಿಂತಾನು? ಮೋಟಾರು ಗಾಡಿಯನ್ನೇ ಎತ್ತಿ ಒಗೆಯುವವನ ಎದುರಿಗೆ ಅವನಷ್ಟೇ ಬಲದ ಇನ್ನೊಬ್ಬನನ್ನು ತಂದರೂ ಅದು ಎರಡು ಗೂಳಿಗಳ ಕಾಳಗವಾದೀತೇ ಹೊರತು ಕಥೆಯಾಗದು. ಸೀಗೆಲ್ಲನಿಗೆ ಇದು ಬೇಗನೆ ಹೊಳೆಯಿತು. 1939ರ ಜೂನ್ ಸಂಚಿಕೆಯಲ್ಲಿ ಅಲ್ಟ್ರಾ-ಹ್ಯೂಮನೈಟ್ ಎಂಬ ವಿಜ್ಞಾನಿಯನ್ನು ತಂದ. ಅವನು ಗಾಲಿಕುರ್ಚಿಯಿಂದ ಏಳಲಾರದವನು, ಮೈಯಲ್ಲಿ ಕಸುವಿಲ್ಲದವನು, ಆದರೆ ಬುದ್ಧಿಯಲ್ಲಿ ಅಸಮಾನ. ಅವನ ತಲೆಯೂ ಬೋಳು. ಹಳೆಯ ಕಥೆಯ ನಿರ್ಗತಿಕ ಸದ್ದಿಲ್ಲದೆ ಹಿಂಬಾಗಿಲಿನಿಂದ ಒಳಗೆ ಬಂದಿದ್ದ!

ಮರುವರ್ಷ, 1940ರ ಏಪ್ರಿಲ್ ಸಂಚಿಕೆಯಲ್ಲಿ ಲೂಥರ್ ಬಂದ. ಆಗ ಅವನಿಗೆ ತಲೆತುಂಬ ಕೆಂಪು ಕೂದಲಿತ್ತು. ಯೂರೋಪಿನಲ್ಲಿ ನಿಜವಾದ ಯುದ್ಧ ಹೊತ್ತಿಕೊಂಡಿದ್ದ ದಿನಗಳು ಅವು. ಕಥೆಯ ಲೂಥರನೂ ಯೂರೋಪಿನ ಎರಡು ಕಲ್ಪಿತ ದೇಶಗಳ ನಡುವೆ ಯುದ್ಧ ಹಚ್ಚುತ್ತಾನೆ. 1941ರಲ್ಲಿ, ದಿನಪತ್ರಿಕೆಗೆ ಸೂಪರ್‌ಮ್ಯಾನ್ ಚಿತ್ರಗಳನ್ನು ಬಿಡಿಸುತ್ತಿದ್ದ ಕಲಾವಿದನೊಬ್ಬ ಅವನನ್ನು ಬೋಳುತಲೆಯವನನ್ನಾಗಿ ಬರೆದುಬಿಟ್ಟ. ಅದು ಕೈತಪ್ಪಿನಿಂದ ಆದದ್ದೆಂದು ಪ್ರತೀತಿ. ತಪ್ಪೇ ಚೆನ್ನಾಗಿ ಕಂಡಿತು, ಅದೇ ಉಳಿಯಿತು. ಹೀಗೆ ಬದ್ಧವೈರಿಯ ಮೊದಲನೆಯ ಲಕ್ಷಣ ಸಿದ್ಧವಾಯಿತು: ನಾಯಕನಲ್ಲಿ ಏನು ತುಂಬಿದೆಯೋ ಅದರ ಇನ್ನೊಂದು ಮಗ್ಗುಲು ವೈರಿಯಲ್ಲಿ ತುಂಬಿರಬೇಕು. ತೋಳಿಗೆ ಎದುರು ತಲೆ. ಹುಟ್ಟಿನಿಂದ ಬಂದ ವರಕ್ಕೆ ಎದುರು, ಸ್ವಂತ ದುಡಿಮೆಯಿಂದ ಗಳಿಸಿದ ವಿದ್ಯೆ.

ಇಷ್ಟೇ ಸಾಕೆ? ಆ ಕಾಲದ ಬೇರೆ ಪುಸ್ತಕಗಳನ್ನು ನೋಡಿದರೆ ಸಾಲದೆಂದು ತಿಳಿಯುತ್ತದೆ. ಜೋ ಸೈಮನ್, ಜ್ಯಾಕ್ ಕರ್ಬಿ ಎಂಬ ಇಬ್ಬರು ‘ಕ್ಯಾಪ್ಟನ್ ಅಮೆರಿಕ’ನನ್ನು ಸೃಷ್ಟಿಸಿದರು. ವೈರಿ ಮೊದಲೇ ಸಿದ್ಧನಿದ್ದ, ನಾಯಕನನ್ನು ಆಮೇಲೆ ಮಾಡಿದೆವೆಂದು ಸೈಮನನೇ ಮುಂದೆ ಹೇಳಿಕೊಂಡಿದ್ದಾನೆ. ಆ ವೈರಿ ಹಿಟ್ಲರ್. 1941ರ ಮಾರ್ಚ್ ತಿಂಗಳ ಮೊದಲ ಸಂಚಿಕೆಯ ಮುಖಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಆ ಗುದ್ದಿಗೆ ಧೈರ್ಯ ಬೇಕಾಗಿತ್ತು. ಆದರೆ ಯುದ್ಧ ಮುಗಿದು ಹಿಟ್ಲರ್ ಅಳಿದ ಮೇಲೆ ಆ ನಾಯಕನೂ ಬಡವಾದ. 1950ರ ಹೊತ್ತಿಗೆ ಆ ಪುಸ್ತಕವೇ ನಿಂತುಹೋಯಿತು. ವೈರಿಯನ್ನು ದ್ವೇಷಿಸುವುದಷ್ಟೇ ನಮ್ಮ ಕೆಲಸವಾದರೆ, ದ್ವೇಷಕ್ಕೆ ಕಾರಣ ತೀರಿದ ದಿನ ಕಥೆಯೂ ತೀರುತ್ತದೆ.

ಬ್ಯಾಟ್‌ಮ್ಯಾನನ ವೈರಿ ಜೋಕರನ ಕಥೆ ಬೇರೆ. 1940ರ ವಸಂತದಲ್ಲಿ ‘ಬ್ಯಾಟ್‌ಮ್ಯಾನ್’ ಪತ್ರಿಕೆಯ ಮೊದಲನೆಯ ಸಂಚಿಕೆಯಲ್ಲೇ ಅವನು ಬಂದ. ಅವನನ್ನು ಮೊದಲು ಕಲ್ಪಿಸಿದವರು ಯಾರೆಂದು ಬಾಬ್ ಕೇನ್, ಬಿಲ್ ಫಿಂಗರ್, ಜೆರಿ ರಾಬಿನ್‌ಸನ್ ಮೂವರ ನಡುವೆ ವಾದ ಕಡೆಯವರೆಗೂ ಹರಿಯಲಿಲ್ಲ. ರಾಬಿನ್‌ಸನನು ಇಸ್ಪೀಟಿನ ಜೋಕರ್ ಎಲೆಯ ಚಿತ್ರ ತಂದದ್ದೂ, 1928ರ ಒಂದು ಮೂಕಿಚಿತ್ರದಲ್ಲಿ ಕಾನ್ರಾಡ್ ವೈಟ್ ಎಂಬ ನಟನ ಸದಾ ಹಲ್ಲುಕಿರಿದ ಮುಖ ಮಾದರಿಯಾದದ್ದೂ ನಿಜ. ಆ ಮೊದಲ ಸಂಚಿಕೆಯಲ್ಲೇ ಜೋಕರ್ ಸಾಯಬೇಕಾಗಿತ್ತು. ವಿಟ್ನಿ ಎಲ್ಸ್‌ವರ್ತ್ ಎಂಬ ಸಂಪಾದಕ ಇಂಥವನನ್ನು ಕೊಲ್ಲಬಾರದೆಂದು ತಡೆದ. ಕಡೆಯ ಚಿತ್ರವನ್ನು ತಿದ್ದಿಸಿ, ಗಾಯಾಳು ಬದುಕುತ್ತಾನೆಂದು ವೈದ್ಯನ ಬಾಯಲ್ಲಿ ಹೇಳಿಸಿದ. ಎಲ್ಸ್‌ವರ್ತನು ಕಂಡದ್ದೇನು? ಬ್ಯಾಟ್‌ಮ್ಯಾನ್ ಎಂದೂ ನಗದವನು. ಜೋಕರ್ ಎಂದೂ ನಗು ನಿಲ್ಲಿಸದವನು. ಇವನ ಮುಖ ಅವನಿಗೆ ಕನ್ನಡಿ, ಎಡಬಲ ತಿರುಗಿಸಿ ತೋರುವ ಕನ್ನಡಿ.

ಇನ್ನೂ ಒಂದು ಲಕ್ಷಣ ಬಾಕಿಯಿದೆ. ಅದನ್ನು ತಂದವನು ಮತ್ತೆ ಸೀಗೆಲ್ಲನೇ. ಆದರೆ ಅಷ್ಟರೊಳಗೆ ಅವನ ಬದುಕಿನಲ್ಲಿ ಬಹಳ ಸಂಗತಿಗಳು ನಡೆದುಹೋಗಿದ್ದವು.

ಸೂಪರ್‌ಮ್ಯಾನ್ ರೇಡಿಯೋಗೆ ಹೋದ, ಸಿನಿಮಾಕ್ಕೆ ಹೋದ, ಆಟದ ಸಾಮಾನಿನ ಮೇಲೂ ಕೂತ. ಅವನನ್ನು ಹೆತ್ತವರಿಗೆ ಸಿಕ್ಕದ್ದು ಬರೆದದ್ದಕ್ಕೆ, ಚಿತ್ರಿಸಿದ್ದಕ್ಕೆ ಸಂಬಳ, ಹಕ್ಕಲ್ಲ. ಸೂಪರ್‌ಮ್ಯಾನನ ಬಾಲ್ಯವನ್ನು ‘ಸೂಪರ್‌ಬಾಯ್’ ಎಂಬ ಹೆಸರಿನಲ್ಲಿ ಬರೆಯಬಹುದೆಂದು ಸೀಗೆಲ್ಲನು ಸೂಚಿಸಿದ್ದ. ಅವನು ಸೈನ್ಯದಲ್ಲಿದ್ದಾಗ, 1945ರ ಆರಂಭದಲ್ಲಿ, ಪ್ರಕಾಶಕರು ಅವನನ್ನು ಬಿಟ್ಟೇ ಸೂಪರ್‌ಬಾಯ್ ಕಥೆಗಳನ್ನು ಆರಂಭಿಸಿದರು. 1947ರಲ್ಲಿ ಇಬ್ಬರೂ ಕೋರ್ಟಿಗೆ ಹೋದರು. 1948ರಲ್ಲಿ ರಾಜಿಯಾಯಿತು; ಸುಮಾರು 94,000 ಡಾಲರು ಪಡೆದು ಸೂಪರ್‌ಬಾಯ್ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟರು. ಕೆಲಸ ಹೋಯಿತು. ಪುಸ್ತಕಗಳ ಮೇಲಿಂದ ಹೆಸರೂ ಹೋಯಿತು.

ಈ ನಡುವೆ ಕಾಮಿಕ್ಸ್ ಲೋಕಕ್ಕೇ ಒಂದು ಗಂಡಾಂತರ ಬಂತು. ಈ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆಂದು 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ ಪುಸ್ತಕ ಬರೆದ. ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ಆ ವರ್ಷವೇ ತಮಗೆ ತಾವೇ ಒಂದು ಕಟ್ಟುಪಾಡು ಹಾಕಿಕೊಂಡರು. ದುಷ್ಟನನ್ನು ಮೆಚ್ಚುವಂತೆ ತೋರಿಸಬಾರದು. ಪ್ರತಿಯೊಂದು ಕಥೆಯಲ್ಲೂ ಒಳ್ಳೆಯದೇ ಗೆಲ್ಲಬೇಕು. ನಮ್ಮಣ್ಣ ಕೊಟ್ಟ ತೀರ್ಪು ಅವನ ಸ್ವಂತದ್ದಲ್ಲ, ಅಮೆರಿಕದ ಪ್ರಕಾಶಕರ ಠರಾವು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಕೊಲೆಗಡುಕ ಜೋಕರನು ಬರಿಯ ಕೀಟಲೆಗಾರನಾದ. ಆದರೆ ನನಗೆ ತೋರುವ ಮಟ್ಟಿಗೆ ಈ ಕಟ್ಟಿನಿಂದ ಒಂದು ಉಪಕಾರವೂ ಆಯಿತು. ಯಾರು ಗೆಲ್ಲುತ್ತಾರೆಂಬುದು ಮೊದಲೇ ಗೊತ್ತಿದ್ದ ಮೇಲೆ, ಅವನೇಕೆ ಹೀಗಾದ ಎಂದು ಕೇಳುವುದೊಂದೇ ಕಥೆಗಾರನಿಗೆ ಉಳಿದ ದಾರಿ.

1959ರಲ್ಲಿ ಸೀಗೆಲ್ಲನು, ಬೇರೆ ದಾರಿ ಕಾಣದೆ, ಅದೇ ಪ್ರಕಾಶಕರ ಬಾಗಿಲಿಗೆ ಹಿಂದಿರುಗಿದ. ತಾನು ಹುಟ್ಟಿಸಿದ ಸೂಪರ್‌ಮ್ಯಾನನಿಗೆ ಹೆಸರಿಲ್ಲದ ಕೂಲಿ ಬರಹಗಾರನಾಗಿ ಕಥೆ ಬರೆಯತೊಡಗಿದ. 1960ರ ಏಪ್ರಿಲ್ ತಿಂಗಳ ‘ಅಡ್ವೆಂಚರ್ ಕಾಮಿಕ್ಸ್’ 271ನೆಯ ಸಂಚಿಕೆಯಲ್ಲಿ ಅವನು ಬರೆದ ಒಂದು ಕಥೆ ಬಂತು. ಲೂಥರನು ಬೋಳನಾದದ್ದು ಹೇಗೆ, ವೈರಿಯಾದದ್ದು ಏಕೆ ಎಂಬುದೇ ಅದರ ವಸ್ತು. ನಾಯಕ ಸೂಪರ್‌ಬಾಯ್, ಯಾವನಿಗಾಗಿ ಕೋರ್ಟು ಹತ್ತಿದ್ದನೋ ಅವನೇ.

ಆ ಕಥೆಯಲ್ಲಿ ಲೂಥರ್ ಒಬ್ಬ ಹಳ್ಳಿಯ ಹುಡುಗ; ಸೂಪರ್‌ಬಾಯ್ ಎಂದರೆ ಅವನಿಗೆ ಪ್ರಾಣ. ವಿಷದಂತೆ ಕೊಲ್ಲುವ ಕ್ರಿಪ್ಟೊನೈಟ್ ಕಲ್ಲಿನಿಂದ ಒಮ್ಮೆ ಸೂಪರ್‌ಬಾಯನನ್ನು ಉಳಿಸುತ್ತಾನೆ. ಕೃತಜ್ಞತೆಯಿಂದ ಸೂಪರ್‌ಬಾಯ್ ಅವನಿಗೊಂದು ಪ್ರಯೋಗಶಾಲೆ ಕಟ್ಟಿಕೊಡುತ್ತಾನೆ. ಅಲ್ಲಿ ಲೂಥರನು ಹಗಲಿರುಳು ದುಡಿದು ಕೃತಕ ಜೀವವನ್ನೇ ಸೃಷ್ಟಿಸುತ್ತಾನೆ. ಗೆಳೆಯನಿಗಾಗಿ ಆ ಕಲ್ಲಿನ ವಿಷಕ್ಕೆ ಮದ್ದನ್ನೂ ಹುಡುಕುತ್ತಾನೆ. ಒಂದು ದಿನ ಬೆಂಕಿ ಬೀಳುತ್ತದೆ. ಸೂಪರ್‌ಬಾಯ್ ಓಡಿಬಂದು ಉಸಿರೂದಿ ಬೆಂಕಿಯನ್ನು ಆರಿಸುತ್ತಾನೆ. ಆ ರಭಸಕ್ಕೆ ರಾಸಾಯನಿಕಗಳು ಚೆಲ್ಲಿ, ಹೊಗೆಯೆದ್ದು, ಲೂಥರನ ಕೂದಲೆಲ್ಲ ಉದುರಿಹೋಗುತ್ತದೆ. ಅವನು ಸೃಷ್ಟಿಸಿದ ಜೀವವೂ ನಾಶವಾಗುತ್ತದೆ. ‘ನನ್ನ ಕೀರ್ತಿಯನ್ನು ಸಹಿಸದೆ, ಹೊಟ್ಟೆಕಿಚ್ಚಿನಿಂದ ಬೇಕೆಂದೇ ಹಾಳುಮಾಡಿದೆ’ ಎಂದು ಲೂಥರನು ಸಿಡಿದೇಳುತ್ತಾನೆ. ಆಮೇಲೆ ಊರಿಗೆ ಉಪಕಾರ ಮಾಡಲೆಂದು ಅವನು ಹೂಡಿದ ಪ್ರಯೋಗಗಳೂ ಕೈಕೊಡುತ್ತವೆ. ಪ್ರತಿಸಲವೂ ಸೂಪರ್‌ಬಾಯ್ ಬಂದು ಊರನ್ನು ಉಳಿಸಬೇಕಾಗುತ್ತದೆ. ಜನ ಲೂಥರನನ್ನು ನೋಡಿ ನಗುತ್ತಾರೆ. ಅಲ್ಲಿಂದ ಮುಂದೆ ಹಗೆಯೇ ಅವನ ಉಸಿರು.

ಬೋಳುತಲೆಗಾಗಿ ಲೋಕದ ಮೇಲೆ ಹಗೆಯೇ ಎಂದು ಕೆಲವರು ಈ ಕಥೆಯನ್ನು ನೋಡಿ ನಕ್ಕಿದ್ದಾರೆ. ನಾನು ನಗಲಾರೆ. ಹೋದದ್ದು ಕೂದಲಲ್ಲ, ಹುಡುಗನೊಬ್ಬ ಜೀವ ತೇದು ಮಾಡಿದ ಸೃಷ್ಟಿ. ಅದು ನಾಯಕನ ಉಸಿರಿನಿಂದಲೇ ನಾಶವಾದದ್ದು ನಿಜ. ಲೂಥರನು ಸುಳ್ಳು ಹೇಳುತ್ತಿಲ್ಲ. ನಡೆದದ್ದರ ಲೆಕ್ಕವನ್ನು ತಪ್ಪಾಗಿ ಹಾಕುತ್ತಿದ್ದಾನೆ. ಅಚಾತುರ್ಯವನ್ನು ಅಸೂಯೆ ಎಂದು ಬರೆದುಕೊಂಡ. ಒಬ್ಬನ ಸಾಲವನ್ನು ಲೋಕದಿಂದ ವಸೂಲು ಮಾಡಹೊರಟ. ನಮ್ಮ ಸಾಹುಕಾರಿಯ ಮಾತಿನಲ್ಲಿ ಹೇಳುವುದಾದರೆ, ಅವನ ಅಸಲು ನಿಜ, ಬಡ್ಡಿ ಸುಳ್ಳು. ಬದ್ಧವೈರಿಯ ಮರ್ಮ ಇಷ್ಟರಲ್ಲೇ ಇದೆಯೆಂದು ನನ್ನ ಎಣಿಕೆ. ಸಾಮಾನ್ಯ ದುಷ್ಟನು ನಾಯಕನಿಂದ ಏನನ್ನೋ ಕಸಿಯಲು ಬರುತ್ತಾನೆ; ಬದ್ಧವೈರಿಯು ತನಗೆ ಬರಬೇಕಾದ ಬಾಕಿಯನ್ನು ಕೇಳಲು ಬರುತ್ತಾನೆ. ಕಸಿಯಬಂದವನನ್ನು ಗುದ್ದಿ ಓಡಿಸಬಹುದು. ಬಾಕಿ ಕೇಳಬಂದವನನ್ನು ಗುದ್ದಿದರೆ ಬಾಕಿ ತೀರುವುದಿಲ್ಲ. ಮುಂದಿನ ತಿಂಗಳ ಸಂಚಿಕೆಯಲ್ಲಿ ಅವನು ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

ಇದೇ ಅಳತೆಗೋಲನ್ನು ಬೇರೆ ವೈರಿಗಳಿಗೂ ಇಟ್ಟು ನೋಡಬಹುದು. ಸ್ಟಾನ್ ಲೀ, ಜ್ಯಾಕ್ ಕರ್ಬಿ ಇಬ್ಬರೂ 1962ರಲ್ಲಿ ಡಾಕ್ಟರ್ ಡೂಮ್‌ನನ್ನು ತಂದರು. 1964ರಲ್ಲಿ ಅವನ ಪೂರ್ವಕಥೆ ಬರೆದರು. ಕಾಲೇಜಿನಲ್ಲಿ ಅವನ ಲೆಕ್ಕದಲ್ಲಿ ಒಂದು ತಪ್ಪಿದೆಯೆಂದು ರೀಡ್ ರಿಚರ್ಡ್ಸ್ ಎಂಬ ಸಹಪಾಠಿ ತೋರಿಸಿಕೊಟ್ಟ, ಇವನು ಕೇಳಲಿಲ್ಲ, ಯಂತ್ರ ಸಿಡಿದು ಮುಖ ಕೆಟ್ಟಿತು, ಆ ರಿಚರ್ಡ್ಸನೇ ಇವನ ಜನ್ಮವೈರಿಯಾದ. ಇಲ್ಲಿ ಅಸಲು ಬಲು ಚಿಕ್ಕದು: ತನ್ನ ತಪ್ಪನ್ನು ಇನ್ನೊಬ್ಬ ಕಂಡುಬಿಟ್ಟನೆಂಬ ನಾಚಿಕೆ. ಆದರೆ ಆ ಉರಿ ಅನುಭವಿಸದವರು ನಮ್ಮಲ್ಲಿ ಯಾರಿದ್ದಾರೆ? ಆದ್ದರಿಂದಲೇ ಅವನು ನಮಗೆ ಅರ್ಥವಾಗುತ್ತಾನೆ.

ಮ್ಯಾಗ್ನೆಟೊ ಇದಕ್ಕೆ ವಿರುದ್ಧವಾದ ಉದಾಹರಣೆ. 1963ರಲ್ಲಿ ಬಂದಾಗ ಅವನು ಲೋಕವನ್ನು ಆಳಬಯಸುವ ಹತ್ತರಲ್ಲಿ ಹನ್ನೊಂದನೆಯವನು. 1981ರ ಅಕ್ಟೋಬರ್ ತಿಂಗಳ ‘ಎಕ್ಸ್-ಮೆನ್’ 150ನೆಯ ಸಂಚಿಕೆಯಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಎಂಬ ಲೇಖಕ ಅವನಿಗೊಂದು ಅಸಲನ್ನು ಕೊಟ್ಟ. ಮ್ಯಾಗ್ನೆಟೊ ನಾಜಿಗಳ ಔಷ್‌ವಿಟ್ಸ್ ಸೆರೆಶಿಬಿರದಲ್ಲಿ ತನ್ನವರನ್ನು ಕಳೆದುಕೊಂಡವನು. ತನ್ನ ಜನ ಮತ್ತೆ ಹಾಗೆ ಅಳಿಯಬಾರದೆಂದು ಹೊರಟವನ ಏಟಿಗೆ ಒಬ್ಬ ಯಹೂದಿ ಹುಡುಗಿಯೇ ನೆಲಕ್ಕೆ ಬೀಳುತ್ತಾಳೆ. ಅವಳು ಸತ್ತಳೆಂದು ತಿಳಿದ ಗಳಿಗೆಯಲ್ಲಿ ತಾನು ಯಾರನ್ನು ದ್ವೇಷಿಸಿದೆನೋ ಅವರಂತೆಯೇ ಆದೆನೆಂದು ಅವನಿಗೆ ಹೊಳೆದು ಕೈ ಕಟ್ಟಿಹೋಗುತ್ತದೆ. ಹದಿನೆಂಟು ವರ್ಷ ಯಾವ ನಾಯಕನೂ ಗೆಲ್ಲಲಾರದವನನ್ನು ಅವನ ಸ್ವಂತ ಲೆಕ್ಕವೇ ಗೆದ್ದಿತು.

ಜೋಕರನಿಗೆ ಯಾವ ಬಾಕಿಯಿದೆ ಎಂದು ವಾಚಕರು ಕೇಳಬಹುದು. ಆಕ್ಷೇಪಣೆ ನ್ಯಾಯವಾದದ್ದೇ. 1951ರಲ್ಲಿ ಬಿಲ್ ಫಿಂಗರನು ಅವನಿಗೂ ಒಂದು ಪೂರ್ವಕಥೆ ಬರೆದ: ಬ್ಯಾಟ್‌ಮ್ಯಾನನಿಂದ ತಪ್ಪಿಸಿಕೊಳ್ಳಲು ಕಾರ್ಖಾನೆಯ ರಾಸಾಯನಿಕದ ಮಡುವಿನಲ್ಲಿ ಈಜಿದವನ ಮುಖ ಬಿಳಿಯಾಗಿ, ಕೂದಲು ಹಸಿರಾಯಿತು. 1988ರಲ್ಲಿ ಅಲನ್ ಮೂರ್ ಎಂಬ ಲೇಖಕ ‘ದ ಕಿಲ್ಲಿಂಗ್ ಜೋಕ್’ ಪುಸ್ತಕದಲ್ಲಿ ಈ ಎಳೆಯನ್ನು ಹಿಡಿದು, ಒಂದೇ ಒಂದು ಕೆಟ್ಟ ದಿನ ಸಾಕು, ಯಾವ ಮನುಷ್ಯನೂ ನನ್ನಂತಾಗುತ್ತಾನೆ ಎಂಬ ವಾದವನ್ನು ಜೋಕರನ ಬಾಯಲ್ಲಿ ಇಟ್ಟ. ಬ್ಯಾಟ್‌ಮ್ಯಾನನಿಗೂ ಅಂಥ ದಿನವಿದೆ. ಬಾಲ್ಯದಲ್ಲಿ ಕಣ್ಣೆದುರೇ ತಂದೆತಾಯಿ ಗುಂಡಿಗೆ ಬಲಿಯಾದರು. ಹಾಗಾದರೆ ನಾನು ಕೆಟ್ಟದ್ದೇಕೆ, ನೀನು ಕೆಡದೆ ನಿಂತದ್ದು ಹೇಗೆ? ಜೋಕರನ ಬಾಕಿ ಹಣದ್ದಲ್ಲ, ಉತ್ತರದ್ದು. ಬ್ಯಾಟ್‌ಮ್ಯಾನ್ ಅವನನ್ನು ಕೊಂದುಬಿಟ್ಟರೆ ಜೋಕರನ ವಾದವೇ ಗೆದ್ದಂತೆ. ಆದ್ದರಿಂದ ಪ್ರತಿಸಲವೂ ಹಿಡಿದು ಒಪ್ಪಿಸುತ್ತಾನೆ. ಪ್ರತಿಸಲವೂ ಪ್ರಶ್ನೆ ತಪ್ಪಿಸಿಕೊಂಡು ಬರುತ್ತದೆ.

ಲೂಥರನಿಗೂ ಮುಂದೆ ಹೊಸ ವೇಷ ತೊಡಿಸಿದರು. 1986ರಲ್ಲಿ ಜಾನ್ ಬರ್ನ್ ಎಂಬಾತ ಅವನನ್ನು ಕೋಟ್ಯಧಿಪತಿ ವ್ಯಾಪಾರಿಯನ್ನಾಗಿ ಮಾಡಿದ. 2000ದಲ್ಲಿ ಕಥೆಯೊಳಗೆ ಅವನು ಅಮೆರಿಕದ ಅಧ್ಯಕ್ಷನಾಗಿಯೂ ಆಯ್ಕೆಯಾದ. ಕಾಲಕ್ಕೆ ತಕ್ಕ ವೇಷವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಸಿರಿವಂತ ಲೂಥರನಿಗೆ ಸೂಪರ್‌ಮ್ಯಾನನಿಂದ ಆದ ನಷ್ಟವೆಂದರೆ ಊರಿನಲ್ಲಿ ಮೊದಲನೆಯವನಾಗಿದ್ದವನು ಎರಡನೆಯವನಾದದ್ದು. ಬಡ್ಡಿ ಬೆಟ್ಟದಷ್ಟು ಬೆಳೆದು ಅಸಲು ಕರಗಿಹೋದಂತೆ ನನಗೆ ಕಂಡಿತು. ಅವನಿಗೆ ಹೆದರಬಹುದು, ಮರುಗಲಾಗದು.

ಇನ್ನು ಸೀಗೆಲ್ಲನ ಮಾತು. ಗೆಳೆಯನಿಗೆಂದು ದುಡಿದು, ಸೃಷ್ಟಿಯನ್ನು ಕಳೆದುಕೊಂಡು, ಊರವರ ಎದುರು ನಗೆಪಾಟಲಾದ ಹುಡುಗನ ಕಥೆಯನ್ನು ಬರೆವಾಗ ಅವನ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ನಾನು ಯಾರು? ಆದರೆ ಕ್ಲೀವ್‌ಲೆಂಡಿನ 130 ಡಾಲರನ್ನು ಬಲ್ಲವನಿಗೆ ಆ ಪುಟಗಳನ್ನು ಬರಿಯ ಮಕ್ಕಳ ಕಥೆಯೆಂದು ಓದಲಾಗುವುದಿಲ್ಲ. ಅವನ ಅಸಲೂ ನಿಜವಾಗಿತ್ತು. 1975ರಲ್ಲಿ ಸೂಪರ್‌ಮ್ಯಾನ್ ಕುರಿತು ಭಾರಿ ಚಲನಚಿತ್ರವೊಂದು ಸಿದ್ಧವಾಗುತ್ತಿದೆಯೆಂದು ಕೇಳಿ, ಅವನು ತನ್ನ ಸಂಕಟವನ್ನೆಲ್ಲ ಪತ್ರಿಕೆಗಳಿಗೆ ಬರೆದ. ಷುಸ್ಟರನಿಗೆ ಆಗ ಕಣ್ಣು ಬಹುಮಟ್ಟಿಗೆ ಹೋಗಿತ್ತು. ನೀಲ್ ಆಡಮ್ಸ್ ಎಂಬ ಕಲಾವಿದನೂ, ಜೋಕರನ ಇಸ್ಪೀಟು ಎಲೆಯ ಆ ಜೆರಿ ರಾಬಿನ್‌ಸನನೂ ಇವರ ಪರವಾಗಿ ನಿಂತರು. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರು ಕೊಡಲು ಒಪ್ಪಿತು; ಸೂಪರ್‌ಮ್ಯಾನ್ ಇವರ ಸೃಷ್ಟಿಯೆಂದು ಹೆಸರನ್ನು ಮತ್ತೆ ಅಚ್ಚುಹಾಕಿತು. ಷುಸ್ಟರ್ 1992ರಲ್ಲಿ, ಸೀಗೆಲ್ 1996ರಲ್ಲಿ ತೀರಿಕೊಂಡರು. ಬಾಕಿ ಪೂರ್ತಿ ತೀರಿತೆಂದು ಹೇಳಲಾರೆ. ಆದರೆ ಸೀಗೆಲ್ಲನು ಲೂಥರನಾಗಲಿಲ್ಲ. ತನ್ನ ಅಸಲನ್ನು ಸಾಲಗಾರನಿಂದಲೇ ಕೇಳಿದ. ಲೋಕದಿಂದ ಬಡ್ಡಿ ಕೀಳಲಿಲ್ಲ. ಲೋಕಕ್ಕೆ ಕಥೆಯನ್ನೇ ಕೊಟ್ಟ.

ನಮ್ಮ ಎಂಟಾಣೆಯ ಪುಸ್ತಕ 1963ರ ಅಕ್ಟೋಬರ್ ತಿಂಗಳ ‘ಸೂಪರ್‌ಮ್ಯಾನ್’ 164ನೆಯ ಸಂಚಿಕೆಯೆಂದು ನನಗೆ ತಿಳಿದದ್ದು ಕೆಲಸದಿಂದ ನಿವೃತ್ತನಾದ ಮೇಲೆ. ಬರೆದವನು ಎಡ್ಮಂಡ್ ಹ್ಯಾಮಿಲ್ಟನ್, ಚಿತ್ರಿಸಿದವನು ಕರ್ಟ್ ಸ್ವಾನ್. ಹಳೆಯ ಕಥೆಗಳ ಮರುಮುದ್ರಣವೊಂದರಲ್ಲಿ ಅದು ಸಿಕ್ಕಿತು. ಇಳಿವಯಸ್ಸಿನಲ್ಲಿ, ಕನ್ನಡಕ ಏರಿಸಿಕೊಂಡು, ಆ ಕಾಣದ ಹಾಳೆಗಳನ್ನು ಓದಿದೆ. ಕಣದಲ್ಲಿ ಗೆದ್ದವನು ಸೂಪರ್‌ಮ್ಯಾನ್. ಆದರೆ ಆ ಗ್ರಹದಲ್ಲಿ ಸಾಲುವಷ್ಟು ನೀರು ಎಷ್ಟು ಅಗೆದರೂ ಸಿಗದೆಂದು ಲೂಥರನಿಗೆ ಅಷ್ಟರಲ್ಲಿ ತಿಳಿದುಹೋಗಿತ್ತು. ನೀರು ತರಬಲ್ಲವನು ಹಾರುವವನೊಬ್ಬನೇ. ಗೆಲುವು ಕೈಗೆಟಕುವಂತಿದ್ದಾಗ ಲೂಥರನು ಬೇಕೆಂದೇ ಸೋತ. ಮರಳುವ ದಾರಿಯಲ್ಲಿ ಸೂಪರ್‌ಮ್ಯಾನ್ ದೊಡ್ಡ ದೊಡ್ಡ ಹಿಮದ ಬಂಡೆಗಳನ್ನು ಆ ಗ್ರಹದ ಕಡೆಗೆ ಎಸೆದ, ಜನಕ್ಕೆ ನೀರಾಯಿತು. ಅವರು ಲೂಥರನ ಪ್ರತಿಮೆ ನಿಲ್ಲಿಸಿದರು. ಲೂಥರನು ಸೆರೆಮನೆಗೆ ಹಿಂದಿರುಗಿದ.

ನಾನು ಗೆದ್ದಿದ್ದೆನೋ, ನನ್ನ ಗೆಳೆಯ ಗೆದ್ದಿದ್ದನೋ? ಸೂಪರ್‌ಮ್ಯಾನ್ ಗೆದ್ದನೆಂಬ ನನ್ನ ಮಾತು ನಿಜ. ನೀರಿನ ಚಿಂತೆ ಮಾಡಿದವನೇ ಗೆಲ್ಲಬೇಕೆಂಬ ಅವನ ಮಾತು ಅದಕ್ಕಿಂತ ಹೆಚ್ಚು ನಿಜ. ನಾನು ಯಾರು ಬಲಿಷ್ಠನೆಂದು ನೋಡಿದ್ದೆ; ಅವನು ಯಾರ ಲೆಕ್ಕ ಸರಿಯೆಂದು ನೋಡಿದ್ದ. ಒಂದು ವರ್ಷದ ಮುನಿಸಿನ ನಂತರ ನಾವು ಮತ್ತೆ ಮಾತಾಡಿದೆವು; ಕಡೆಯವರೆಗೂ ಗೆಳೆಯರಾಗಿಯೇ ಇದ್ದೆವು. ಪುಸ್ತಕದ ಮಾತನ್ನು ಮಾತ್ರ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾಣದ ಹಾಳೆಗಳು ನನಗೆ ಸಿಗುವ ಎರಡು ವರ್ಷ ಮೊದಲೇ ಅವನು ತೀರಿಕೊಂಡ.

ಅವನು ಒಳ್ಳೆಯವನು. ತನ್ನ ನಾಲ್ಕಾಣೆಗೆ ಎಂದೂ ಬಡ್ಡಿ ಕಟ್ಟಲಿಲ್ಲ. ಅಸಲು ಮಾತ್ರ ನನ್ನಲ್ಲೇ ಉಳಿದಿದೆ.